ಕಾವಲಿನ ಕೆಮ್ಮಣ್ಣು: ಬರಡಲ್ಲ, ಅದು ಹುಲ್ಲಿನ ನೆಲ

ಹಿರಿಯೂರು ದಾಟಿ ಚಳ್ಳಕೆರೆಯ ಹಾದಿ ಹಿಡಿದರೆ ಮರಗಳು ವಿರಳವಾಗುತ್ತವೆ. ಗರಸು ತುಂಬಿದ ಕೆಂಪು ನೆಲ, ಅಲ್ಲಲ್ಲಿ ಜಾಲಿ, ತಂಗಡಿ, ಬಂದರಿಕೆಯ ಪೊದೆಗಳು, ದೂರದಲ್ಲೊಂದು ಕುರಿಮಂದೆ. ಬಸ್ಸಿನ ಕಿಟಕಿಯಿಂದ ನೋಡುವ ನಗರವಾಸಿಗೆ ಇದು ಉಪಯೋಗವಿಲ್ಲದ ಬಂಜರು ಎನಿಸುವುದು ಸಹಜ. ಸರ್ಕಾರಿ ಕಡತಗಳೂ ಇಂಥ ನೆಲವನ್ನು ಬಹುಕಾಲದಿಂದ ಬೀಳು, ಖರಾಬು, ಪಾಳು ಎಂದೇ ಕರೆಯುತ್ತ ಬಂದಿವೆ. ಆದರೆ ಮಣ್ಣಿನ ಗುಣವನ್ನು ಅರಿತು ನೋಡಿದರೆ ಈ ಹೆಸರುಗಳು ಎಷ್ಟು ತಪ್ಪು ಎಂಬುದು ಮನವರಿಕೆಯಾಗುತ್ತದೆ.

ಮಣ್ಣಿನ ಸ್ವರೂಪ

ಚಿತ್ರದುರ್ಗ ಜಿಲ್ಲೆಯ ಪೂರ್ವಭಾಗವು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಇಲ್ಲಿನ ವಾರ್ಷಿಕ ಮಳೆ 500 ಮಿಲಿಮೀಟರ್ ಆಸುಪಾಸಿನಲ್ಲಿದ್ದು, ಅದರಲ್ಲಿ ಹೆಚ್ಚಿನ ಪಾಲು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸಹಸ್ರಾರು ವರ್ಷ ಬಿಸಿಲು ಮಳೆಗೆ ಶಿಥಿಲಗೊಂಡು ಇಲ್ಲಿನ ಕೆಮ್ಮಣ್ಣು ರೂಪುಗೊಂಡಿದೆ. ಇದಕ್ಕೆ ಬಣ್ಣ ನೀಡಿರುವುದು ಕಬ್ಬಿಣದ ಆಕ್ಸೈಡ್.

ಈ ಮಣ್ಣಿನ ಮೇಲ್ಪದರ ಮರಳುಮಿಶ್ರಿತವಾದುದು. ಜೇಡಿಯ ಅಂಶ ಕೆಳಪದರಕ್ಕೆ ಇಳಿದು ಅಲ್ಲಿ ಶೇಖರವಾಗಿರುತ್ತದೆ. ಒದ್ದೆ ಮಾಡಿದ ಎರೆ ಮಣ್ಣನ್ನು ಅಂಗೈಯಲ್ಲಿ ಹೊಸೆದರೆ ಉದ್ದನೆಯ ಎಳೆಯಾಗುತ್ತದೆ. ಕಾವಲಿನ ಮೇಲ್ಮಣ್ಣನ್ನು ಹಾಗೆಯೇ ಹೊಸೆದರೆ ಎಳೆ ಬೇಗ ಮುರಿದು ಬೀಳುತ್ತದೆ. ಎರೆ ಮಣ್ಣಿನಷ್ಟು ನೀರನ್ನು ಇದು ಹಿಡಿದಿಡಲಾರದು. ಸಾವಯವ ಇಂಗಾಲವೂ ಸಾಮಾನ್ಯವಾಗಿ ಶೇಕಡಾ ಅರ್ಧಕ್ಕಿಂತ ಕಡಿಮೆ. ಅನೇಕ ಕಡೆ ಒಂದೆರಡು ಅಡಿ ಅಗೆಯುವಷ್ಟರಲ್ಲಿ ಗರಸು ಇಲ್ಲವೇ ಬಂಡೆ ಸಿಗುತ್ತದೆ.

ಇನ್ನೊಂದು ದೋಷವಿದೆ. ಬತ್ತಲೆ ನೆಲದ ಮೇಲೆ ಬಿರುಮಳೆ ಬಿದ್ದಾಗ ಹನಿಗಳ ಹೊಡೆತಕ್ಕೆ ಮಣ್ಣಿನ ಕಣಗಳು ಒಡೆದು, ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಬಿಸಿಲಿಗೆ ಇದು ಒಣಗಿ ಗಟ್ಟಿ ಹೆಪ್ಪಾಗುತ್ತದೆ. ಮುಂದಿನ ಮಳೆಯ ನೀರು ಒಳಗಿಳಿಯದೆ ಮೇಲ್ಮಣ್ಣನ್ನೂ ಹೊತ್ತುಕೊಂಡು ಹರಿದುಹೋಗುತ್ತದೆ. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕು. ಅದು ಕೊಚ್ಚಿಹೋಗಲು ಕೆಲವೇ ಮಳೆಗಾಲ ಸಾಕು.

ಹುಲ್ಲೇ ಕವಚ

ಇಂಥ ನೆಲಕ್ಕೆ ಪ್ರಕೃತಿ ಒದಗಿಸಿರುವ ರಕ್ಷಣೆಯೆಂದರೆ ಹುಲ್ಲು. ಎಲೆಗಳು ಮಳೆಹನಿಯ ಹೊಡೆತವನ್ನು ತಡೆಯುತ್ತವೆ. ಒತ್ತಾದ ನಾರುಬೇರುಗಳು ಮಣ್ಣನ್ನು ಹಿಡಿದಿಟ್ಟು, ನೀರು ಇಂಗಲು ದಾರಿ ಮಾಡಿಕೊಡುತ್ತವೆ. ಹುಲ್ಲುಗಾವಲಿನಲ್ಲಿ ಇಂಗಾಲದ ಬಹುಪಾಲು ಉಳಿಯುವುದು ನೆಲದೊಳಗೆ, ಬೇರು ಮತ್ತು ಮಣ್ಣಿನಲ್ಲಿ. ಆದ್ದರಿಂದ ಕಣ್ಣಿಗೆ ಕಾಣುವ ಹಸಿರಿನಿಂದಲೇ ಇದರ ಬೆಲೆ ಕಟ್ಟಲಾಗದು.

ಭೂಮಿಯ ಸಾಮರ್ಥ್ಯವನ್ನು ಮಣ್ಣು ವಿಜ್ಞಾನಿಗಳು ಎಂಟು ವರ್ಗಗಳಾಗಿ ವಿಂಗಡಿಸುತ್ತಾರೆ. ಮೊದಲ ನಾಲ್ಕು ಬೇಸಾಯಕ್ಕೆ ಯೋಗ್ಯ. ಐದರಿಂದ ಏಳನೆಯವರೆಗಿನವು ಹುಲ್ಲುಗಾವಲು ಮತ್ತು ಅರಣ್ಯಕ್ಕೆ ಸೂಕ್ತ. ಎಂಟನೆಯದು ವನ್ಯಜೀವಿಗಳಿಗೆ ಬಿಡಬೇಕಾದ ನೆಲ. ಉಳುಮೆಗೆ ಒಗ್ಗದ ಭೂಮಿ ನಿರುಪಯೋಗಿ ಎಂದು ಈ ವಿಂಗಡಣೆ ಎಲ್ಲಿಯೂ ಹೇಳುವುದಿಲ್ಲ ಎಂಬುದು ಗಮನಾರ್ಹ.

ಮೈಸೂರಿನ ಅರಸರಿಗೆ ಈ ತಿಳಿವಳಿಕೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಮುಂದೆ ಟಿಪ್ಪುವಿನ ಆಳ್ವಿಕೆಯಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆಯಿತು. ಸೇನೆಯ ತೋಪುಗಳನ್ನೂ ಸಾಮಗ್ರಿಗಳನ್ನೂ ಎಳೆಯುವ ದನಗಳಿಗೆಂದು ವಿಶಾಲವಾದ ಕಾವಲುಗಳನ್ನು ಕಾಯ್ದಿರಿಸಲಾಗಿತ್ತು. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳು. ಒಂದರಲ್ಲಿ ದನ ಮೇಯುತ್ತಿದ್ದಾಗ ಮತ್ತೊಂದರ ಹುಲ್ಲು ಬೀಜ ಕಟ್ಟಿ ಚೇತರಿಸಿಕೊಳ್ಳುತ್ತಿತ್ತು. ತೆಳುವಾದ ಮಣ್ಣನ್ನು ಬಳಸುತ್ತಲೇ ಉಳಿಸಿಕೊಳ್ಳುವ ಉಪಾಯವಿದು.

ಇಂದಿನ ಉಪಯೋಗಗಳು

ಸುತ್ತಲಿನ ಹಳ್ಳಿಗಳ ದನ, ಕುರಿ, ಮೇಕೆಗಳಿಗೆ ಕಾವಲು ಆಧಾರ. ಚಳ್ಳಕೆರೆ ಸೀಮೆಯ ಹೆಸರಾಂತ ಕಂಬಳಿಯ ಮೂಲವೂ ಇಲ್ಲಿ ಮೇಯುವ ಕುರಿಗಳ ಉಣ್ಣೆಯೇ. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿಮಂದೆ ತರುಬಿಸುವುದರಿಂದ ಕಾವಲಿನ ಹುಲ್ಲಿನ ಸಾರ ಗೊಬ್ಬರವಾಗಿ ಶೇಂಗಾ, ರಾಗಿ, ಸಜ್ಜೆಯ ಹೊಲಗಳನ್ನು ಸೇರುತ್ತದೆ. ಕೃಷ್ಣಮೃಗ, ತೋಳದಂತಹ ಬಯಲು ಪ್ರಾಣಿಗಳಿಗೂ ಈ ನೆಲ ನೆಲೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ.

ಕೈತಪ್ಪುತ್ತಿರುವ ನೆಲ

2000ರ ದಶಕದ ಕೊನೆಯಿಂದೀಚೆಗೆ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಹಾಗೂ ಸೌರವಿದ್ಯುತ್ ಯೋಜನೆಗೆ ಹಂಚಿಕೆಯಾಯಿತು. ಆವರಣ ಗೋಡೆಗಳು ಎದ್ದಾಗ ಗ್ರಾಮಸ್ಥರು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಈ ಸಂಸ್ಥೆಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ‘ಖಾಲಿ ಜಾಗ’ ಎಂಬ ಒಂದೇ ಕಾರಣಕ್ಕೆ ಹುಲ್ಲುಗಾವಲನ್ನು ಆರಿಸಿಕೊಳ್ಳುವುದು ಎಷ್ಟು ಸರಿ ಎಂಬ ಪ್ರಶ್ನೆ ಉಳಿದೇ ಇದೆ.

ರಾಜ್ಯದ ಭೂಕಂದಾಯ ನಿಯಮಾವಳಿಯು ಪ್ರತಿ 100 ಜಾನುವಾರುಗಳಿಗೆ 30 ಎಕರೆ ಗೋಮಾಳ ಇರಬೇಕೆಂದು ಹೇಳುತ್ತದೆ. ಮೇವಿನ ನೆಲ ಕುಗ್ಗಿದಂತೆ ಉಳಿದ ತುಂಡಿನ ಮೇಲೆಯೇ ಎಲ್ಲ ಹಿಂಡುಗಳ ಭಾರ ಬೀಳುತ್ತದೆ. ವಿಶ್ರಾಂತಿಯಿಲ್ಲದೆ ಹುಲ್ಲು ಸಾಯುತ್ತದೆ, ನೆಲ ಬತ್ತಲಾಗುತ್ತದೆ, ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಕಡೆಗೆ ಕಡತದಲ್ಲಿದ್ದ ‘ಪಾಳು’ ಎಂಬ ಮಾತು ನಿಜವಾಗುತ್ತದೆ.

ಸದುದ್ದೇಶದ ಕೆಲಸವೂ ಕೆಲವೊಮ್ಮೆ ಹಾನಿ ಮಾಡುತ್ತದೆ. ಗಿಡ ನೆಡಲೆಂದು ಯಂತ್ರದಿಂದ ಸಾಲುಗುಂಡಿ ತೋಡಿದರೆ ಅಡಿಯ ಗರಸು ಮೇಲೆ ಬಂದು ಹುಲ್ಲಿನ ಪದರ ಹೂತುಹೋಗುತ್ತದೆ. ನೀಲಗಿರಿ, ಬಳ್ಳಾರಿ ಜಾಲಿ ಹಬ್ಬಿದಲ್ಲಿ ಮೇವಿನ ಹುಲ್ಲು ಹಿಂದೆ ಸರಿಯುತ್ತದೆ. ಇದಕ್ಕಿಂತ ಸರದಿ ಮೇವು, ಹುಲ್ಲು ಬೀಜ ಕಟ್ಟುವವರೆಗೆ ನೆಲಕ್ಕೆ ವಿರಾಮ, ಇಳಿಜಾರಿಗೆ ಅಡ್ಡಲಾಗಿ ಸಣ್ಣ ಕಲ್ಲುಬದು, ಸ್ಥಳೀಯ ಹುಲ್ಲುಬೀಜದ ಬಿತ್ತನೆ ಇಲ್ಲಿಗೆ ಹೆಚ್ಚು ಒಪ್ಪುವ ಕ್ರಮಗಳು.

ವಿಶ್ವಸಂಸ್ಥೆಯು 2026ನೇ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು 2022ರಲ್ಲೇ ಘೋಷಿಸಿತು. ನಮ್ಮ ಕಂದಾಯ ಕಡತಗಳಲ್ಲಿ ‘ಖರಾಬು’ ಎಂದಿರುವ ಜಾಗದಲ್ಲಿ ‘ಹುಲ್ಲುಗಾವಲು’ ಎಂದು ಬರೆಯುವುದರಿಂದಲೇ ಕೆಲಸ ಆರಂಭವಾಗಬಹುದು.