ಸಮರಕ್ರೀಡೆಯಲ್ಲಿ ದೂರದ ಶಕ್ತಿಗಳ ನಿರೂಪಣೆ: ಮೈಸೂರು ಯುದ್ಧಗಳ ನಿದರ್ಶನ

ಚಾರಿತ್ರಿಕ ಸನ್ನಿವೇಶವೊಂದನ್ನು ಬೋಧನೆಗಾಗಿ ಸಮರಕ್ರೀಡೆಯ ರೂಪಕ್ಕೆ ತರುವಾಗ ಒಂದು ತೊಡಕು ಎದುರಾಗುತ್ತದೆ. ಆಟದ ಭೂಪಟದಲ್ಲಿ ನೆಲೆಯಿಲ್ಲದ, ಆದರೂ ಯುದ್ಧದ ಗತಿಯನ್ನು ಮಾರ್ಪಡಿಸಬಲ್ಲ ದೂರದ ಶಕ್ತಿಯನ್ನು ನಿರೂಪಿಸುವುದು ಹೇಗೆ? ಮೈಸೂರು ಯುದ್ಧಗಳಲ್ಲಿ ಫ್ರಾನ್ಸಿನ ಪಾತ್ರವನ್ನು ನಿದರ್ಶನವಾಗಿರಿಸಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ನಾವು ಬಯಸುತ್ತೇವೆ.

ಫ್ರೆಂಚ್ ಸೈನ್ಯವನ್ನು ಮೈಸೂರಿನ ಪಕ್ಷದ ಆಟಗಾರನ ವಶಕ್ಕೆ ಒಪ್ಪಿಸುವುದು ಸುಲಭ. ಆದರೆ ಅದು ಇತಿಹಾಸಕ್ಕೆ ಒಪ್ಪುವಂಥದಲ್ಲ. ಸಫ್ರೆನ್ನನ ನೌಕಾಬಲವು 1782ರ ಆರಂಭದಲ್ಲಿಯೇ ಕೋರಮಂಡಲ ತೀರಕ್ಕೆ ಬಂದಿತಾದರೂ, ಸೇನಾನಿ ಬುಸ್ಸಿಯು ಅಲ್ಲಿ ಇಳಿದದ್ದು 1783ರ ಮಾರ್ಚ್ ತಿಂಗಳಿನಲ್ಲಿ. ಅಷ್ಟರಲ್ಲಿ ಹೈದರಾಲಿಯು ಮೃತನಾಗಿ ಮೂರು ತಿಂಗಳು ಕಳೆದಿದ್ದವು. ಆ ವರ್ಷದ ಜನವರಿ 20ರಂದೇ ವರ್ಸೇಲ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವೆ ಪ್ರಾಥಮಿಕ ಸಂಧಿಯಾಗಿತ್ತು. ವಾರ್ತೆ ತಲುಪದಿದ್ದ ಕಾರಣ, ಸರಿಯಾಗಿ ಐದು ತಿಂಗಳ ಅನಂತರ, ಜೂನ್ 20ರಂದು, ಕಡಲೂರಿನ ಬಳಿ ಎರಡು ನೌಕಾಪಡೆಗಳೂ ಕಾದಾಡಿದವು. ವಾರ್ತೆ ಬಂದೊಡನೆ ಫ್ರೆಂಚರು ಯುದ್ಧವನ್ನು ನಿಲ್ಲಿಸಿದರು. ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನೊಡನಿದ್ದ ಅವರ ತುಕಡಿಯೂ ಹಿಂದೆಗೆಯಿತು.

ಇದರಿಂದ ಎರಡು ನಿಯಮಗಳು ಹೊರಡುತ್ತವೆ. ಮೊದಲನೆಯದು, ಕಾಲವಿಳಂಬ. ಒಂದು ಸರದಿಯು ಒಂದು ತಿಂಗಳಿಗೆ ಸಮನಾದರೆ, ಯೂರೋಪಿನ ವಾರ್ತೆಯು ಐದು ಸರದಿಗಳ ಬಳಿಕ ಪಟವನ್ನು ಮುಟ್ಟಬೇಕು. ಎರಡನೆಯದು, ಸ್ವಹಿತ. ದೂರದ ಶಕ್ತಿಯ ನಿರ್ಧಾರವು ಆಟಗಾರರದಾಗಿರದೆ ಮಧ್ಯಸ್ಥನದಾಗಿರಬೇಕು. ಟಿಪ್ಪುವಿನ ರಾಯಭಾರಿಗಳು 1787ರಲ್ಲಿ ಹೊರಟು, 1788ರ ಆಗಸ್ಟ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರೂ ಸೈನಿಕ ನೆರವಿನ ಒಪ್ಪಂದವಿಲ್ಲದೆ ಮರಳಿದರು.

ಮೂರನೆಯ ನಿಯಮವು ಇವೆರಡಕ್ಕಿಂತ ಸೂಕ್ಷ್ಮವಾದುದು: ಬಾರದಿರುವ ಶಕ್ತಿಯೂ ಪರಿಣಾಮಕಾರಿಯೇ. 1798ರ ಜನವರಿಯಲ್ಲಿ ಮಾರಿಷಸ್‌ನ ಗವರ್ನರ್ ಮಲಾರ್ತಿಕ್ ಟಿಪ್ಪುವಿಗಾಗಿ ಸ್ವಯಂಸೇವಕರನ್ನು ಕರೆದು ಬಹಿರಂಗ ಘೋಷಣೆ ಹೊರಡಿಸಿದನು. ಬಂದವರು ನೂರಕ್ಕೂ ಕಡಿಮೆ. ಆದರೆ ಆ ಘೋಷಣೆಯೇ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪವಾಯಿತು; ಅದೇ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದುದು ಆಂಗ್ಲರ ಶಂಕೆಯನ್ನು ಬಲಪಡಿಸಿತು. ಆದುದರಿಂದ ನೆರವಿನ ಕೋರಿಕೆಯು ಬಹಿರಂಗವಾದರೆ ಎದುರಾಳಿಯ ಸನ್ನಾಹವು ಹೆಚ್ಚುವಂತೆ ನಿಯಮವಿರಬೇಕು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಫ್ರೆಂಚರು ಬರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಬಲ್ಲವರಾಗಿ ಟಿಪ್ಪುವಿನ ನಿರೀಕ್ಷೆಯನ್ನು ಅವಿವೇಕವೆಂದು ಎಣಿಸುವರು. 1782ರಲ್ಲಿ ಬಂದ ನೌಕಾಬಲವನ್ನು ಕಂಡಿದ್ದವನಿಗೆ ಅದು ಮತ್ತೆ ಬಂದೀತೆಂಬ ಆಸೆ ನಿರಾಧಾರವಾಗಿರಲಿಲ್ಲ. ಆದಕಾರಣ ಫ್ರಾನ್ಸಿನ ಉತ್ತರವು ಪ್ರತಿ ಆಟದಲ್ಲಿಯೂ ಅನಿಶ್ಚಿತವಾಗಿರತಕ್ಕದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತೆಂಬುದನ್ನು ಪಠ್ಯಪುಸ್ತಕವೇ ತಿಳಿಸುತ್ತದೆ. ಅದಕ್ಕೆ ಮುನ್ನ ಅಲ್ಲಿದ್ದವರಿಗೆ ಏನೇನು ತಿಳಿದಿರಲಿಲ್ಲವೆಂಬುದನ್ನು ಮನಗಾಣಿಸುವುದೇ ಇಂತಹ ಕ್ರೀಡೆಯ ಪ್ರಯೋಜನವೆಂದು ನಾವು ಭಾವಿಸುತ್ತೇವೆ.