ವೃಕ್ಕಚ್ಛೇದಾನಂತರದ ತೀವ್ರ ವೃಕ್ಕಕ್ಷತಿ: ಲಕ್ಷಣವಿಚಾರ

ಮೂತ್ರಪಿಂಡಗಳಿಗೆ ಸಂಸ್ಕೃತದಲ್ಲಿ ವೃಕ್ಕಗಳೆಂದು ಹೆಸರು. ಇವು ರಕ್ತಮೇದಸ್ಸುಗಳ ಸಾರದಿಂದ ಹುಟ್ಟುವುವೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಇವುಗಳಲ್ಲೊಂದನ್ನು ತೆಗೆದರೂ ಮನುಷ್ಯನು ಬದುಕಬಲ್ಲನೆಂಬುದನ್ನು 1869ರಲ್ಲಿ ಹೈಡೆಲ್‌ಬರ್ಗಿನ ಶಸ್ತ್ರವೈದ್ಯ ಗುಸ್ತಾವ್ ಸೀಮೋನನು, ಮೊದಲು ನಾಯಿಗಳಲ್ಲಿ ಪರೀಕ್ಷಿಸಿ, ಬಳಿಕ ರೋಗಿಯೊಬ್ಬಳಲ್ಲಿ ತೋರಿಸಿಕೊಟ್ಟನು.

ವೃಕ್ಕದ ಅರ್ಬುದಕ್ಕೆ, ಅಂದರೆ ಕ್ಯಾನ್ಸರಿಗೆ, ಇಂದು ಶಸ್ತ್ರಚಿಕಿತ್ಸೆ ಎರಡು ಬಗೆ: ಇಡಿಯ ಪಿಂಡವನ್ನು ತೆಗೆಯುವುದು ಒಂದು, ಗಡ್ಡೆಯನ್ನು ಮಾತ್ರ ಕೊಯ್ದು ಉಳಿದುದನ್ನು ಕಾಪಾಡುವುದು ಇನ್ನೊಂದು. ಎರಡರ ಬಳಿಕವೂ ತೀವ್ರ ವೃಕ್ಕಕ್ಷತಿಯು ಉಂಟಾಗಬಹುದು. 2012ರ ಅಂತರರಾಷ್ಟ್ರೀಯ ನಿರ್ಣಯದಂತೆ, ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ಮಲದ್ರವ್ಯವು 48 ಗಂಟೆಗಳೊಳಗೆ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರುವುದು, 7 ದಿನಗಳೊಳಗೆ ಮೊದಲಿನ ಒಂದೂವರೆಯಷ್ಟಾಗುವುದು, ಅಥವಾ ಮೂತ್ರವು ನಿಯತಪ್ರಮಾಣಕ್ಕಿಂತ ಕುಗ್ಗುವುದು, ಇವುಗಳಲ್ಲೊಂದು ಅದರ ಲಕ್ಷಣ.

ತಾರ್ಕಿಕರು ಹೇಳುವ ಲಕ್ಷಣದೋಷಗಳಲ್ಲಿ ಎರಡು ಇಲ್ಲಿ ತಲೆದೋರುತ್ತವೆ. ಇಡಿಯ ಪಿಂಡವನ್ನು ತೆಗೆದಾಗ ಶೋಧಕಾಂಗವೇ ಅರ್ಧವಾಗುವುದರಿಂದ, ಉಳಿದ ಪಿಂಡಕ್ಕೆ ಯಾವ ಗಾಯವಿಲ್ಲದಿದ್ದರೂ ಕ್ರಿಯಾಟಿನಿನ್ ಏರುತ್ತದೆ. ಅದು ನ್ಯೂನತೆ, ಕ್ಷತಿಯಲ್ಲ, ಆದುದರಿಂದ ಅತಿವ್ಯಾಪ್ತಿ. ಗಡ್ಡೆಯನ್ನು ಮಾತ್ರ ಕೊಯ್ಯುವಾಗ ರಕ್ತಸ್ರಾವವನ್ನು ತಡೆಯಲು ಸಾಮಾನ್ಯವಾಗಿ ಧಮನಿಯನ್ನು ಕೆಲಹೊತ್ತು ಬಿಗಿಹಿಡಿಯುವರು. ಆಗ ಆ ಪಿಂಡವು ಪ್ರಾಣವಾಯುವಿಲ್ಲದೆ ನೊಂದರೂ, ಮತ್ತೊಂದು ಪಿಂಡವು ದುಡಿಯುತ್ತಿರುವುದರಿಂದ ರಕ್ತದ ಅಂಕೆ ಹೆಚ್ಚು ಏರದೆ ಗಾಯವು ಮರೆಯಾಗಬಹುದು. ಇದು ಅವ್ಯಾಪ್ತಿ.

ಆದುದರಿಂದ ಯಾವ ಶಸ್ತ್ರಕ್ರಿಯೆ, ಉಳಿದ ಪಿಂಡವು ಎಂತಹುದು, ಧಮನಿಯ ಬಂಧನವೆಷ್ಟು ಹೊತ್ತು ಎಂಬುದನ್ನು ನೋಡದೆ ಅಂಕೆಯೊಂದನ್ನೇ ನಂಬಲಾಗದು. ನಿಜವಾದ ಕ್ಷತಿಯು ಮಾಯದೆ ಉಳಿದರೆ ದೀರ್ಘರೋಗಕ್ಕೆ ದಾರಿಯಾಗುವುದು. ಇಲ್ಲಿ ಲಕ್ಷಣವಿವೇಕವು ರೋಗಿಯ ಆಯುಸ್ಸಿಗೇ ಸಂಬಂಧಿಸಿದುದಾಗಿದೆ.