ಖಂಡಸ್ಫುಟಿತ ಜೀರ್ಣೋದ್ಧಾರ: ಶಾಸನೋಕ್ತ ದತ್ತಿಯಿಂದ ಇಂದಿನ ಅನುದಾನದವರೆಗೆ

ಕನ್ನಡ ಶಾಸನಗಳ ಪರಿಚಯವಿರುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಹೊಸತಲ್ಲ. ದೇವಾಲಯಕ್ಕೋ ಬಸದಿಗೋ ಬಿಟ್ಟ ದತ್ತಿಯ ಉದ್ದೇಶವನ್ನು ಹೇಳುವಲ್ಲಿ ದೇವರ ಅಂಗಭೋಗ, ರಂಗಭೋಗ, ನೈವೇದ್ಯ, ನಂದಾದೀವಿಗೆ, ತಪೋಧನರ ಆಹಾರದಾನ ಮುಂತಾದವುಗಳ ಜೊತೆಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಹೀಗೆ ಬಾರಿ ಬಾರಿಗೂ ಬರುವುದರಿಂದಲೇ ಇದನ್ನು ರೂಢಿಯ ಸೂತ್ರವಾಕ್ಯವೆಂದು ಭಾವಿಸಿ ಮುಂದೆ ಸಾಗುವುದು ಓದುಗರ ಅಭ್ಯಾಸವಾಗಿದೆ. ಆದರೆ ಸ್ಥಳೀಯ ಸ್ಮಾರಕಗಳ ರಕ್ಷಣೆಗೆ ಹಣ ಒದಗಿಸುವ ಬಗೆ ಹೇಗಿರಬೇಕು ಎಂಬ ಪ್ರಶ್ನೆ ಇಂದು ತೀವ್ರವಾಗಿರುವಾಗ, ಈ ಸೂತ್ರವಾಕ್ಯವನ್ನು ಮತ್ತೊಮ್ಮೆ ನಿಧಾನವಾಗಿ ಓದುವ ಅಗತ್ಯವಿದೆ. ಶಾಸನೋಕ್ತ ದತ್ತಿಯ ರಚನೆಯನ್ನೂ ಇಂದಿನ ಅನುದಾನದ ರಚನೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಪದದ ಅರ್ಥವ್ಯಾಪ್ತಿ

‘ಖಂಡ’ವೆಂದರೆ ತುಂಡಾದುದು, ‘ಸ್ಫುಟಿತ’ವೆಂದರೆ ಬಿರುಕು ಬಿಟ್ಟುದು, ‘ಜೀರ್ಣ’ವೆಂದರೆ ಸವೆದು ಹಳತಾದುದು, ‘ಉದ್ಧಾರ’ವೆಂದರೆ ಮೇಲೆತ್ತುವುದು. ಮುರಿದ ಭಾಗ, ಬಿರುಕು, ಸವಕಳಿ ಎಂಬ ಮೂರು ಬಗೆಯ ಹಾನಿಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಅವುಗಳನ್ನು ಸರಿಪಡಿಸುವ ಕೆಲಸವನ್ನು ಈ ಪದಪುಂಜ ಸೂಚಿಸುತ್ತದೆ. ಕಟ್ಟಡವನ್ನು ಕೆಡವುವುದು ಇದರ ಅರ್ಥದೊಳಗೆ ಇಲ್ಲ. ಇಂದು ಹಳ್ಳಿಗಳಲ್ಲಿ ‘ಗುಡಿಯ ಜೀರ್ಣೋದ್ಧಾರ’ ಎಂದಾಗ ಅನೇಕ ವೇಳೆ ಹಳೆಯ ಕಲ್ಲುಗುಡಿಯನ್ನು ಬಿಚ್ಚಿ ಆ ಸ್ಥಳದಲ್ಲಿ ಕಾಂಕ್ರೀಟಿನ ಹೊಸ ಗುಡಿಯನ್ನು ಕಟ್ಟುವುದೆಂದೇ ಅರ್ಥವಾಗುತ್ತದೆ. ಪದ ಹಾಗೆಯೇ ಉಳಿದು ಅರ್ಥ ಪಲ್ಲಟವಾದುದಕ್ಕೆ ಇದು ನಿದರ್ಶನ.

ಹಾಗೆಂದು ಪ್ರಾಚೀನ ಕರ್ನಾಟಕದಲ್ಲಿ ಪುನರ್ನಿರ್ಮಾಣವೇ ನಡೆಯುತ್ತಿರಲಿಲ್ಲವೆಂದು ಹೇಳಲಾಗದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯ ಬಸದಿಗಳನ್ನು ‘ಪೊಸಯಿಸಿದ’ನೆಂದು ಶ್ರವಣಬೆಳಗೊಳದ ಶಾಸನಗಳು ಹೊಗಳುತ್ತವೆ. ಗೊಮ್ಮಟನ ಸುತ್ತ ಸುತ್ತಾಲಯವನ್ನು ಕಟ್ಟಿಸಿದವನೂ ಇವನೇ. ಒಂದನೆಯ ನರಸಿಂಹನ ಭಂಡಾರಿ ಹುಳ್ಳನು ಬಂಕಾಪುರ, ಕೆಲ್ಲಂಗೆರೆ ಮೊದಲಾದೆಡೆ ಪಾಳುಬಿದ್ದಿದ್ದ ಬಸದಿಗಳನ್ನು ಮತ್ತೆ ಎತ್ತಿ ನಿಲ್ಲಿಸಿದನು. ‘ಪೊಸಯಿಸು’ ಎಂಬ ಕ್ರಿಯಾಪದದಲ್ಲಿ ಹೊಸದಾಗಿ ಕಟ್ಟುವ ಅರ್ಥಕ್ಕೂ ಎಡೆಯಿದೆ. ಆದುದರಿಂದ ಪ್ರಾಚೀನರು ರಕ್ಷಿಸಿದರು, ಆಧುನಿಕರು ಕೆಡವುತ್ತಾರೆ ಎಂಬ ಸರಳ ವಿಭಜನೆ ಶಾಸನಗಳ ಸಾಕ್ಷ್ಯಕ್ಕೆ ಒಪ್ಪುವುದಿಲ್ಲ. ವ್ಯತ್ಯಾಸವಿರುವುದು ಬೇರೊಂದು ಕಡೆ. ಪಾಳುಬಿದ್ದುದನ್ನು ಹೊಸಯಿಸುವುದು ಒಂದು ಕಾಲದ, ಒಬ್ಬ ದಾನಿಯ ಸಾಹಸ. ಖಂಡಸ್ಫುಟಿತ ಜೀರ್ಣೋದ್ಧಾರವು ಅಂಥ ಸಾಹಸದ ಅಗತ್ಯವೇ ಬಾರದಂತೆ ವರ್ಷ ವರ್ಷವೂ ನಡೆಯಬೇಕಾದ ಪಾಲನೆ. ಶಾಸನಗಳು ಇವೆರಡನ್ನೂ ಬಲ್ಲವು.

2. ದತ್ತಿಯ ರಚನೆ

ಶಾಸನೋಕ್ತ ದತ್ತಿಯಲ್ಲಿ ಸಾಮಾನ್ಯವಾಗಿ ನಾಲ್ಕು ಅಂಗಗಳನ್ನು ಗುರುತಿಸಬಹುದು. ಮೊದಲನೆಯದು ಆದಾಯದ ಮೂಲ: ಇಂತಿಷ್ಟು ಮತ್ತರು ಅಥವಾ ಕಮ್ಮ ಭೂಮಿ, ಗಾಣದ ಎಣ್ಣೆ, ಸುಂಕದ ಒಂದು ಪಾಲು, ಸಂತೆಯ ಹೇರಿನ ಮೇಲಿನ ಆಯ. ಭೂಮಿಯಾದರೆ ಅದರ ಚತುಸ್ಸೀಮೆಯನ್ನು ಕೆರೆ, ಹಳ್ಳ, ಮರ, ನೆಟ್ಟಕಲ್ಲುಗಳ ಸಹಿತ ವಿವರಿಸಲಾಗುತ್ತದೆ. ಎರಡನೆಯದು ವೆಚ್ಚದ ಉದ್ದೇಶ. ಮೂರನೆಯದು ಹೊಣೆಗಾರ: ಸ್ಥಾನಾಚಾರ್ಯ, ಊರಿನ ಮಹಾಜನರು, ನಕರ ಮೊದಲಾದ ಸಮೂಹಗಳು. ನಾಲ್ಕನೆಯದು ಪಾಲನೆಯ ನಿರ್ಬಂಧ, ಅಂದರೆ ಶಾಪಾಶಯ. ದಾನ ಮಾಡುವುದಕ್ಕಿಂತಲೂ ಹಿಂದಿನವರ ದಾನವನ್ನು ಪಾಲಿಸುವುದೇ ಮಿಗಿಲೆಂಬ ಆಶಯದ ಶ್ಲೋಕಗಳು ಶಾಸನಗಳ ಕೊನೆಯಲ್ಲಿ ಬರುವುದು ಎಲ್ಲರಿಗೂ ತಿಳಿದ ಸಂಗತಿ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಶಾಸನಗಳನ್ನು ಜನಜೀವನದ ದಾಖಲೆಗಳಾಗಿ ಓದುವ ದಾರಿಯನ್ನು ತೋರಿದ ಮೇಲೆ, ಇಂಥ ಭಾಗಗಳನ್ನು ಬರಿಯ ಅಲಂಕಾರವೆಂದು ಬದಿಗಿಡುವಂತಿಲ್ಲ.

ಈ ರಚನೆಯ ಸಾರವನ್ನು ಸ್ಪಷ್ಟವಾಗಿ ತೋರುವ ದಾಖಲೆ ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬಗೆಹರಿಸಿದ ಶಾಸನವೆಂದು ಇದು ಪ್ರಸಿದ್ಧ. ಮತಸಾಮರಸ್ಯದ ದೃಷ್ಟಿಯಿಂದ ಇದನ್ನು ಉಲ್ಲೇಖಿಸುವವರು ಹಲವರು. ಇದರ ಹಣಕಾಸಿನ ಏರ್ಪಾಟಿನ ಕಡೆಗೆ ಗಮನ ಹರಿಸಿದವರು ಕಡಿಮೆ. ರಾಜ್ಯದಲ್ಲಿರುವ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಬೇಕು. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸೊದೆಯಿಕ್ಕಬೇಕು ಎಂಬುದು ಅದರ ಕಟ್ಟಳೆ. ‘ಸೊದೆ’ಯು ‘ಸುಧಾ’ ಶಬ್ದದ ತದ್ಭವ. ಸುಣ್ಣದ ಲೇಪವೆಂದು ಅರ್ಥ.

ಇಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಒಂದು, ಹಣ ಒಮ್ಮೆಗೇ ಬರುವ ಇಡುಗಂಟಲ್ಲ. ವರ್ಷವರ್ಷವೂ ಬರುವ ಆದಾಯ. ಎರಡು, ಕಾವಲು ಮತ್ತು ದುರಸ್ತಿ ಎರಡಕ್ಕೂ ಒಂದೇ ಮೂಲದಿಂದ ವೆಚ್ಚ ನಿಗದಿಯಾಗಿದೆ; ಕಾಯುವವರಿಲ್ಲದ ಸ್ಮಾರಕಕ್ಕೆ ದುರಸ್ತಿ ಮಾಡಿ ಫಲವಿಲ್ಲವೆಂಬ ಅರಿವು ಇದರ ಹಿಂದಿದೆ. ಮೂರು, ಹಣದ ನಿರ್ವಹಣೆಯ ಹೊಣೆ ಬಿದ್ದುದು ಜೈನರ ಮೇಲಲ್ಲ, ಶ್ರೀವೈಷ್ಣವರಾದ ತಿರುಮಲೆಯ ತಾತಯ್ಯನ ಮೇಲೆ. ಅದೂ ರಾಜ್ಯದ ಭವ್ಯಜನರ ಒಪ್ಪಿಗೆಯಿಂದ. ಫಲಾನುಭವಿಯೇ ಲೆಕ್ಕಿಗನಾಗದಂತೆ ನೋಡಿಕೊಂಡ ಈ ವ್ಯವಸ್ಥೆಯನ್ನು ಇಂದಿನ ಪರಿಭಾಷೆಯಲ್ಲಿ ಉತ್ತರದಾಯಿತ್ವವೆನ್ನಬಹುದು. ಅರಸನಲ್ಲಿ ಬಿನ್ನಹ ಮಾಡಿ ತಾತಯ್ಯನನ್ನು ಬರಮಾಡಿಕೊಂಡವನು ಕಲ್ಲೆಹದ ಬುಸುವಿಸೆಟ್ಟಿ. ಎರಡೂ ಸಮಯದವರು ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟವನ್ನು ಕೊಟ್ಟುದನ್ನು ಶಾಸನವೇ ಹೇಳುತ್ತದೆ. ಅರಸನ ಆಜ್ಞೆಯ ಹಿಂದೆ ಒಬ್ಬ ಸೆಟ್ಟಿಯ ಓಡಾಟವಿತ್ತು ಎಂಬುದನ್ನು ಮರೆಯಲಾಗದು.

3. ದುರಸ್ತಿಯೂ ಒಂದು ದಾಖಲೆ

1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಚರಿತ್ರೆ ಒಂದು ದೃಷ್ಟಿಯಿಂದ ದುರಸ್ತಿಗಳ ಚರಿತ್ರೆಯೇ ಆಗಿದೆ. ವಿಜಯನಗರದ ಕಾಲದಲ್ಲಿ, 1381ರಲ್ಲಿ, ಒಳಗೆ ಆಧಾರಕ್ಕಾಗಿ ಕಣಶಿಲೆಯ ನಾಲ್ಕು ಕಂಬಗಳನ್ನು ನಿಲ್ಲಿಸಲಾಯಿತು. 1387ರಲ್ಲಿ ಶಿಖರಕ್ಕೆ ಚಿನ್ನದ ಲೇಪದ ಕಳಸವೇರಿತು. 1397ರಲ್ಲಿ ಎರಡನೆಯ ಹರಿಹರನ ದಂಡನಾಯಕ ಗುಂಡನು ನಾಶವಾಗಿದ್ದ ಮಹಾದ್ವಾರದ ಗೋಪುರವನ್ನು ಮತ್ತೆ ಕಟ್ಟಿಸಿದನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಿಥಿಲಗೊಂಡ ಶಿಖರವನ್ನು ಗರ್ಭಗೃಹದ ಉಳಿವಿಗಾಗಿ ಇಳಿಸಲಾಯಿತು. ಅದನ್ನು ಮರಳಿ ಕಟ್ಟಲಿಲ್ಲ. ಬಳಪದ ಕಲ್ಲಿನ ನಡುವೆ ನಿಂತ ಕಣಶಿಲೆಯ ಕಂಬಗಳು ತಾವು ನಂತರದವೆಂಬುದನ್ನು ಮುಚ್ಚಿಡುವುದಿಲ್ಲ. ಹೊಸದಾಗಿ ಸೇರಿಸಿದ ಭಾಗ ಮೂಲದಿಂದ ಪ್ರತ್ಯೇಕವಾಗಿ ತಿಳಿಯುವಂತಿರಬೇಕು ಎಂಬುದು 1964ರ ವೆನಿಸ್ ಸನ್ನದಿನ ತತ್ತ್ವಗಳಲ್ಲೊಂದು. ಬೇಲೂರಿನಲ್ಲಿ ಇದು ತತ್ತ್ವದಿಂದ ಬಂದುದೋ ಅವಶ್ಯಕತೆಯಿಂದ ಬಂದುದೋ, ಫಲ ಮಾತ್ರ ಒಂದೇ: ಯಾವುದು ಯಾವ ಕಾಲದ್ದೆಂದು ಇಂದಿಗೂ ಓದಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಗೌರವ ಸಂದುದು ಈ ದೀರ್ಘ ಪಾಲನೆಗೂ ಹೌದು.

4. ಕಡಿದ ಕೊಂಡಿ

ದತ್ತಿಭೂಮಿಗೂ ದೇವಾಲಯದ ಪಾಲನೆಗೂ ಇದ್ದ ಕೊಂಡಿ ಇಪ್ಪತ್ತನೆಯ ಶತಮಾನದಲ್ಲಿ ಕಡಿಯಿತು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದಿಯಾತಿ ಕಾಯಿದೆ ಹಾಗೂ 1974ರ ಭೂಸುಧಾರಣಾ ತಿದ್ದುಪಡಿಗಳಿಂದ ಇನಾಂ ಭೂಮಿಗಳು ಉಳುವವರ ಪಾಲಾದವು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಇದು ಅಗತ್ಯವಾಗಿದ್ದ ಕ್ರಮ. ಅದನ್ನು ಹಿಂದಿರುಗಿಸುವ ಮಾತೇ ಇಲ್ಲ. ಆದರೆ ಭೂಮಿಯ ಬದಲು ದೇವಾಲಯಕ್ಕೆ ಸಲ್ಲುವ ನಗದು ತಸ್ತೀಕು ಮುಖ್ಯವಾಗಿ ನಿತ್ಯಪೂಜೆಯ ವೆಚ್ಚಕ್ಕೆ ಒದಗುತ್ತದೆ. ಶಾಸನದಲ್ಲಿ ಪೂಜೆಯ ಜೊತೆಯಲ್ಲೇ ನಮೂದಾಗಿದ್ದ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ನಿಶ್ಚಿತ ಆದಾಯವಿಲ್ಲದಂತಾಯಿತು. ಅನುದಾನವೆಂಬುದು ತುಂಬಬೇಕಾಗಿರುವುದು ಈ ತೆರವನ್ನೇ.

ಇಂದು ಅನುದಾನದ ದಾರಿಗಳು ಹಲವಿವೆ. 1958ರ ಕೇಂದ್ರ ಕಾಯಿದೆಯಡಿ ಸಂರಕ್ಷಿತವಾದ ಸ್ಮಾರಕಗಳ ವೆಚ್ಚವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೂ, 1961ರ ಕರ್ನಾಟಕ ಕಾಯಿದೆಯಡಿ ಸಂರಕ್ಷಿತವಾದವುಗಳ ವೆಚ್ಚವನ್ನು ರಾಜ್ಯದ ಪುರಾತತ್ತ್ವ ಇಲಾಖೆಯೂ ವಹಿಸುತ್ತವೆ. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ದಾನಿಗಳು ನಿರ್ದಿಷ್ಟ ಸ್ಮಾರಕವನ್ನು ಹೆಸರಿಸಿ ಹಣ ಕೊಡಬಹುದು. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿ ಐತಿಹಾಸಿಕ ಕಟ್ಟಡಗಳ ಪುನರುಜ್ಜೀವನವನ್ನು ಸಾಮಾಜಿಕ ಹೊಣೆಗಾರಿಕೆಯ ಬಾಬುಗಳಲ್ಲಿ ಸೇರಿಸಿದೆ. 2017ರಲ್ಲಿ ಆರಂಭವಾಗಿ 2023ರಲ್ಲಿ ಪರಿಷ್ಕೃತವಾದ ಕೇಂದ್ರದ ಸ್ಮಾರಕ ದತ್ತು ಯೋಜನೆಯಾದರೋ ಶೌಚಾಲಯ, ದೀಪ, ಫಲಕ ಮೊದಲಾದ ಸಂದರ್ಶಕರ ಸೌಕರ್ಯಗಳಿಗೆ ಸಂಬಂಧಿಸಿದ್ದು. ಕಟ್ಟಡದ ಸಂರಕ್ಷಣೆಗೆ ಅಲ್ಲ.

ಇವುಗಳ ಫಲ ಹೆಚ್ಚಾಗಿ ಸಲ್ಲುವುದು ಈಗಾಗಲೇ ಸಂರಕ್ಷಿತವಾದ ಸ್ಮಾರಕಗಳಿಗೆ. ರಾಜ್ಯದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು ಐನೂರರ ಆಸುಪಾಸಿನಲ್ಲೂ ರಾಜ್ಯ ಸಂರಕ್ಷಿತವಾದವು ಎಂಟುನೂರಕ್ಕೂ ಮಿಗಿಲಾಗಿಯೂ ಇವೆ. ಮುಜರಾಯಿ ಇಲಾಖೆಗೆ ಸೇರಿದ ದೇವಾಲಯಗಳೇ 34 ಸಾವಿರಕ್ಕೂ ಹೆಚ್ಚು. ಇವೆಲ್ಲವೂ ಪ್ರಾಚೀನವಲ್ಲ, ಆದರೂ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿ ಎಷ್ಟೋ ಕಲ್ಲುಗುಡಿ, ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳು ಯಾರ ಲೆಕ್ಕಕ್ಕೂ ಸಿಗದೆ ಉಳಿದಿವೆ. ಈ ಅಂತರದಲ್ಲಿ ಕೆಲಸ ಮಾಡಿದ ಪ್ರಯತ್ನಗಳಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನದು ಉಲ್ಲೇಖಾರ್ಹ. ಹಳೆಯ ಗುಡಿಯ ಕಲ್ಲುಗಳನ್ನೇ ಬಳಸಿ ಮರುಜೋಡಿಸುವ ಈ ಯೋಜನೆಯಲ್ಲಿ ವೆಚ್ಚದ ಶೇ. 40 ಸರ್ಕಾರದಿಂದ, ಶೇ. 40 ಟ್ರಸ್ಟಿನಿಂದ, ಶೇ. 20 ಊರವರಿಂದ ಎಂಬ ಹಂಚಿಕೆಯ ಮಾದರಿ ರೂಢಿಗೆ ಬಂದಿದೆ. ಊರವರ ಐದನೆಯ ಒಂದು ಪಾಲು ಮೊತ್ತದಲ್ಲಿ ಚಿಕ್ಕದು; ಮನೆಮನೆಯ ಒಂದು ಹಣದಂತೆ ಅದು ಗುಡಿಯ ಮೇಲಿನ ಹೊಣೆಯನ್ನು ಊರಿಗೆ ಮರಳಿಸುತ್ತದೆ.

5. ಅನುದಾನವು ಹಾನಿ ಮಾಡುವ ಬಗೆ

ಹಣವಿಲ್ಲದುದರಿಂದ ಸ್ಮಾರಕ ಹಾಳಾಗುತ್ತದೆಂಬುದು ಸರ್ವವಿದಿತ. ಹಣ ಬಂದುದರಿಂದಲೂ ಹಾಳಾಗುತ್ತದೆಂಬುದು ಅಷ್ಟೇ ಸತ್ಯ. ಇಂದಿನ ಅನುದಾನ ಕಾಮಗಾರಿಯ ರೂಪದಲ್ಲಿ ಬರುತ್ತದೆ. ಅಂದಾಜುಪಟ್ಟಿ, ಟೆಂಡರು, ನಿಗದಿತ ಅವಧಿ, ಕೊನೆಗೆ ಹಣಬಳಕೆಯ ಪ್ರಮಾಣಪತ್ರ. ಅಲ್ಲಿಗೆ ಕಡತ ಮುಗಿಯುತ್ತದೆ. ಮಾರ್ಚ್ ತಿಂಗಳೊಳಗೆ ವೆಚ್ಚವಾಗಬೇಕಾದ ಹಣ ಗಾರೆಯ ಕೆಲಸದ ನಿಧಾನಗತಿಯನ್ನು ಸಹಿಸುವುದಿಲ್ಲ. ಸುಣ್ಣದ ಗಾರೆ ತೇವವನ್ನು ಹೊರಕ್ಕೆ ಬಿಡುತ್ತದೆ; ಸಿಮೆಂಟು ಅದನ್ನು ಒಳಗೇ ಹಿಡಿಯುತ್ತದೆ. ಹಿಡಿದಿಟ್ಟ ತೇವದೊಡನೆ ಲವಣಗಳು ಕಲ್ಲಿನ ಮೈಗೆ ಬಂದು ಹರಳುಗಟ್ಟಿದಾಗ ಕಲ್ಲು ಪದರಪದರವಾಗಿ ಉದುರುತ್ತದೆ. ಶಾಸನದ ಕಲ್ಲಿನಲ್ಲಿ ಮೊದಲು ಉದುರುವುದು ಅಕ್ಷರ. ನೆಲಹಾಸಿಗೆ ಬಳಕೆಯಾದ ಶಾಸನ, ಎಣ್ಣೆಬಣ್ಣ ಬಳಿದ ವೀರಗಲ್ಲು, ಗೋಡೆಯೊಳಗೆ ಸೇರಿಹೋದ ಪಟ್ಟಿಕೆ ಇವೆಲ್ಲ ಬಡತನದ ಫಲಗಳಲ್ಲ. ಮಂಜೂರಾದ ಹಣದ ಫಲಗಳು. ಯಾವ ದತ್ತಿಯಿಂದ ಗುಡಿ ಉಳಿಯಬೇಕೆಂದು ಶಾಸನ ಹೇಳುತ್ತದೆಯೋ ಆ ಶಾಸನವೇ ಜೀರ್ಣೋದ್ಧಾರದಲ್ಲಿ ಅಳಿದುಹೋಗುವುದು ವಿಪರ್ಯಾಸ.

6. ಶಾಸನಗಳಿಂದ ಕಲಿಯಬಹುದಾದುದು

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅನುದಾನದ ಒಂದು ಪಾಲನ್ನು ಠೇವಣಿಯಾಗಿರಿಸಿ ಅದರ ಬಡ್ಡಿಯನ್ನು ವಾರ್ಷಿಕ ಪಾಲನೆಗೆ ಮೀಸಲಿಡಬೇಕು. ಮಳೆಗಾಲಕ್ಕೆ ಮುನ್ನ ಮೇಲ್ಛಾವಣಿಯ ಗಿಡ ಕೀಳುವುದು, ನೀರಿನ ದಾರಿ ತೆರವು ಮಾಡುವುದು, ಸಂದುಗಳಿಗೆ ಗಾರೆ ತುಂಬುವುದು, ಒಬ್ಬ ಕಾವಲುಗಾರನನ್ನಿಡುವುದು ಇಷ್ಟಕ್ಕೆ ದೊಡ್ಡ ಮೊತ್ತ ಬೇಕಿಲ್ಲ. ತಪ್ಪದೆ ಬರುವ ಮೊತ್ತ ಬೇಕು. ಎರಡನೆಯದಾಗಿ, ಕಾಮಗಾರಿ ನಡೆಸುವವರೂ ಅದನ್ನು ಪರಿಶೀಲಿಸುವವರೂ ಬೇರೆಯಾಗಿರಬೇಕು. ಮೂರನೆಯದಾಗಿ, ಒಂದು ಕಲ್ಲನ್ನು ಕದಲಿಸುವ ಮುನ್ನ ಸ್ಥಳದ ಶಾಸನ, ಶಿಲ್ಪ, ವಿನ್ಯಾಸಗಳ ಸಂಪೂರ್ಣ ದಾಖಲಾತಿ ಅನುದಾನದ ಷರತ್ತಾಗಬೇಕು. ಚತುಸ್ಸೀಮೆಯನ್ನು ಹೇಳದ ಭೂದತ್ತಿ ಹೇಗೆ ಅಪೂರ್ಣವೋ ದಾಖಲಾತಿಯಿಲ್ಲದ ಅನುದಾನವೂ ಹಾಗೆಯೇ.

ಈ ಮೂರನೆಯ ಕೆಲಸದಲ್ಲಿ ಕನ್ನಡ ವಿಭಾಗಗಳಿಗೆ ನೇರವಾದ ಪಾತ್ರವಿದೆ. ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ ಅವರಿಂದ ಮೊದಲುಗೊಂಡು ಆರ್. ನರಸಿಂಹಾಚಾರ್ಯರ ಮೂಲಕ ಮುಂದುವರಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು ಹಳ್ಳಿಹಳ್ಳಿಯ ಶಾಸನಗಳ ಸ್ಥಳನಿರ್ದೇಶವನ್ನು ಕೊಡುತ್ತವೆ. ಊರಿನ ಗುಡಿಗೆ ಅನುದಾನ ಮಂಜೂರಾದಾಗ ಆ ಊರಿನ ಶಾಸನಗಳ ಪಟ್ಟಿಯನ್ನು ಸಂಪುಟದಿಂದ ತೆಗೆದು, ಸ್ಥಳಕ್ಕೆ ಹೋಗಿ, ಯಾವುದು ಉಳಿದಿದೆ ಯಾವುದು ಇಲ್ಲ ಎಂದು ಗುರುತಿಸಿ, ಪಂಚಾಯಿತಿಗೂ ಇಂಜಿನಿಯರಿಗೂ ಕೊಡಬಲ್ಲವರು ಸಮೀಪದ ಕಾಲೇಜಿನ ಕನ್ನಡ ಅಧ್ಯಾಪಕರು. ಇದಕ್ಕೆ ಹೆಚ್ಚಿನ ಹಣ ಬೇಡ. ಹಳಗನ್ನಡವನ್ನು ಓದಬಲ್ಲ ಕಣ್ಣು ಬೇಕು. ಬುಸುವಿಸೆಟ್ಟಿ ಬಿನ್ನಹ ಮಾಡದಿದ್ದರೆ ಬುಕ್ಕರಾಯನ ಹಣದ ಕಟ್ಟಳೆಯೂ ಬರುತ್ತಿರಲಿಲ್ಲವೇನೋ. ದತ್ತಿ ಕೊಡುವವರಷ್ಟೇ ಅದರ ಪಾಲನೆಯನ್ನು ಕೇಳುವವರೂ ಮುಖ್ಯವೆಂಬುದನ್ನು ಶಾಸನಗಳು ಸಾರುತ್ತಲೇ ಬಂದಿವೆ.